ಉತ್ತರಭಾಗದ ಋಣ

ದೊಡ್ಡಮ್ಮ: ಓದಿ ಮುಗಿಸಿದ ಪುಸ್ತಕವನ್ನೇ ಮತ್ತೆ ಮೊದಲ ಪುಟದಿಂದ ಹಿಡ್ಕೊಂಡು ಕೂತಿದ್ದೀಯಲ್ಲ ಮಗಳೆ, ಅದರಲ್ಲಿ ಇನ್ನೇನು ಉಳಿದಿದೆ?

ಹುಡುಗಿ: ಉಳಿದಿರೋದು ಇದರಲ್ಲಲ್ಲ ದೊಡ್ಡಮ್ಮ, ಇನ್ನೂ ಬರಬೇಕಾದ್ದರಲ್ಲಿ. ಒಟ್ಟು ಐದು ಪುಸ್ತಕ ಅಂತ ಲೇಖಕಿ ಹೇಳಿದ್ದಾರೆ, ಬಂದಿರೋದು ಮೂರು. ಕೊನೆಯದರಲ್ಲಿ ಏನಾಗ್ತದೆ ಅನ್ನೋ ಸುಳಿವು ಮೊದಲನೆಯದರಲ್ಲೇ ಎಲ್ಲೋ ಬಚ್ಚಿಟ್ಟಿರ್ತಾರೆ ಅಂತ ಹುಡುಕ್ತಿದ್ದೀನಿ.

ದೊಡ್ಡಮ್ಮ: ಯಾರಾಕೆ? ಏನು ಕಥೆ? ಮೊದಲಿಂದ ಹೇಳು.

ಹುಡುಗಿ: ರೆಬೆಕಾ ಯಾರೋಸ್ ಅಂತ, ಅಮೆರಿಕದವರು. ‘ಫೋರ್ತ್ ವಿಂಗ್’ 2023ರ ಮೇ ತಿಂಗಳಲ್ಲಿ ಬಂತು. ಅದೇ ವರ್ಷ ನವೆಂಬರಿಗೆ ‘ಐರನ್ ಫ್ಲೇಮ್’. 2025ರ ಜನವರಿಗೆ ‘ಓನಿಕ್ಸ್ ಸ್ಟಾರ್ಮ್’, ಅದು ಮೊದಲ ವಾರದಲ್ಲೇ 27 ಲಕ್ಷ ಪ್ರತಿ ಮಾರಾಟ ಆಯ್ತು. ನವಾರ್ ಅಂತ ಒಂದು ರಾಜ್ಯ. ಅಲ್ಲೊಂದು ಯುದ್ಧವಿದ್ಯೆಯ ಕಾಲೇಜು. ವಯಲೆಟ್ ಅನ್ನೋ ಇಪ್ಪತ್ತರ ಹುಡುಗಿ ಪುಸ್ತಕಗಳ ನಡುವೆ ಲಿಪಿಕಾರಳಾಗಿ ಇರಬೇಕಾದವಳು. ಆಕೆಯ ಅಮ್ಮನೇ ಸೇನಾನಿ. ಡ್ರ್ಯಾಗನ್ ಸವಾರಿಯ ವಿಭಾಗಕ್ಕೇ ಸೇರು ಅಂತ ಅಪ್ಪಣೆ ಮಾಡ್ತಾಳೆ. ಅಲ್ಲಿ ಡ್ರ್ಯಾಗನ್ನನ್ನ ನಾವು ಆರಿಸೋ ಹಾಗಿಲ್ಲ, ಅದೇ ನಮ್ಮನ್ನ ಆರಿಸಬೇಕು. ಆರಿಸಿತೋ, ಮನಸ್ಸಿನೊಳಗೇ ಮಾತಾಡ್ತದೆ. ಅದು ಸತ್ತರೆ ಸವಾರನೂ ಸಾಯ್ತಾನೆ. ಈಕೆಯನ್ನ ಆರಿಸಿದ ಡ್ರ್ಯಾಗನ್ ಟೈರ್ನ್. ಅದರ ಜೋಡಿ ಸ್ಗೇಯ್ಲ್ ಆರಿಸಿದ್ದು ಝೇಡನ್‌ನ. ಅವನ ಅಪ್ಪ ದಂಗೆಯ ನಾಯಕ. ಆ ದಂಗೆಯನ್ನ ಅಡಗಿಸಿದ ಕಡೆಯವಳು ವಯಲೆಟ್‌ಳ ಅಮ್ಮ. ಡ್ರ್ಯಾಗನ್ ಜೋಡಿ ಬಹಳ ದಿನ ಅಗಲಿ ಇರಲಾರವು, ಅದಕ್ಕೆ ಈ ಇಬ್ಬರೂ ಬೇಕೋ ಬೇಡವೋ ಹತ್ತಿರವೇ ಇರಬೇಕು.

ದೊಡ್ಡಮ್ಮ: ಹತ್ತಿರ ಇದ್ದಮೇಲೆ ಮುಂದಿನದು ಹೇಳಬೇಕಾಗಿಲ್ಲ ಬಿಡು. ಸವಾರಿ ಮಾಡೋ ಪ್ರಾಣಿಯೇ ಪ್ರೀತಿಗೆ ದಾರಿ ಹಾಕ್ತದೆ ಅಂದಂಗಾಯ್ತು.

ಹುಡುಗಿ: ಹೌದು! ನಿಮಗೆ ಇದೆಲ್ಲ ಹುಚ್ಚಾಟ ಅನ್ನಿಸಬಹುದು.

ದೊಡ್ಡಮ್ಮ: ಹುಚ್ಚಾಟ ಯಾಕನ್ನಿಸಬೇಕು? ನಮ್ಮ ಬಳ್ಳಾರಿಯಿಂದ ಹಂಪಿ ಎರಡು ತಾಸಿನ ದಾರಿ. ವಿಠ್ಠಲನ ಗುಡಿಯ ಮಂಟಪದ ಕಂಬಗಳನ್ನ ನೋಡಿದ್ದೀಯಲ್ಲ? ಸಿಂಹದ ಮೈ, ಉಬ್ಬಿದ ಕಣ್ಣು, ಮುಂಗಾಲೆತ್ತಿ ನಿಂತ ಯಾಳಿ. ಬೆನ್ನ ಮೇಲೆ ಸವಾರ. ನಿಮ್ಮ ಆ ಕಾಲೇಜಿನವರು ಬಂದು ಅಡ್ಮಿಷನ್ ಕೊಟ್ಟರೆ ಒಬ್ಬನೂ ಫೇಲ್ ಆಗೋದಿಲ್ಲ. ಆದರೆ ಸವಾರಿಯಿಂದ ಪ್ರೀತಿಗೆ ಹೋಗೋ ಕಥೆ ಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು, ಬಾಣಭಟ್ಟನ ‘ಕಾದಂಬರಿ’ಗೆ.

ಹುಡುಗಿ: ಹೆಸರು ಪಾಠದಲ್ಲಿ ಬಂದಿತ್ತು. ಕಥೆ ಗೊತ್ತಿಲ್ಲ.

ದೊಡ್ಡಮ್ಮ: ಏಳನೇ ಶತಮಾನ, ಹರ್ಷವರ್ಧನನ ಆಸ್ಥಾನ. ಶೂದ್ರಕ ಅನ್ನೋ ರಾಜನ ಸಭೆಗೆ ಒಬ್ಬ ಚಂಡಾಲಕನ್ಯೆ ಒಂದು ಗಿಳಿ ತರ್ತಾಳೆ. ಅದರ ಹೆಸರು ವೈಶಂಪಾಯನ. ಆ ಗಿಳಿ ರಾಜನಿಗೆ ತನ್ನ ಕಥೆ ಹೇಳ್ತದೆ. ಕಾಡಿನಲ್ಲಿ ಅನಾಥವಾದ ತನ್ನನ್ನ ಋಷಿಕುಮಾರ ಎತ್ತಿಕೊಂಡು ಹೋಗಿದ್ದು, ಜಾಬಾಲಿ ಮುನಿಗಳು ತನ್ನನ್ನ ನೋಡಿ ಒಂದು ಹಳೇ ಕಥೆ ಹೇಳಿದ್ದು. ಆ ಹಳೇ ಕಥೆಯೊಳಗೆ ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ. ಅವನಿಗೆ ಇಂದ್ರಾಯುಧ ಅನ್ನೋ ಕುದುರೆ, ಸಮುದ್ರದಿಂದ ಎದ್ದು ಬಂದದ್ದು. ಅದನ್ನ ಮೊದಲ ಸಲ ನೋಡಿದಾಗ ಅವನಿಗೆ ಏರೋದಕ್ಕೇ ಸಂಕೋಚ. ಇದು ಬರೀ ಕುದುರೆ ಅಲ್ಲ, ಯಾರೋ ಶಾಪಕ್ಕೆ ಸಿಕ್ಕಿ ಈ ರೂಪದಲ್ಲಿ ಇರಬೇಕು ಅನ್ನಿಸ್ತದೆ. ಮನಸ್ಸಿನಲ್ಲೇ ಕ್ಷಮೆ ಕೇಳಿ ಏರ್ತಾನೆ.

ಹುಡುಗಿ: ಅಲ್ಲೇ ಸುಳಿವು ಕೊಟ್ಟುಬಿಟ್ಟ!

ದೊಡ್ಡಮ್ಮ: ತಡಿ. ಬೇಟೆಗೆ ಹೋದವನು ಒಂದು ಕಿನ್ನರ ಜೋಡಿಯನ್ನ ಅಟ್ಟಿಸಿಕೊಂಡು ಹೋಗ್ತಾನೆ, ದಾರಿ ತಪ್ತಾನೆ. ಅಚ್ಛೋದ ಸರೋವರದ ದಂಡೆಯಲ್ಲಿ ಮಹಾಶ್ವೇತೆ ಅನ್ನೋ ತಪಸ್ವಿನಿ ಸಿಗ್ತಾಳೆ. ಆಕೆ ಪುಂಡರೀಕನನ್ನ ಪ್ರೀತಿಸಿದ್ದವಳು. ಅವನು ವಿರಹದಲ್ಲೇ ಸತ್ತ. ಚಂದ್ರಮಂಡಲದಿಂದ ಇಳಿದು ಬಂದ ಒಬ್ಬ ದಿವ್ಯಪುರುಷ ಅವನ ಹೆಣ ಎತ್ತಿಕೊಂಡು, ನೀನು ಪ್ರಾಣ ಬಿಡಬೇಡ, ಇವನು ಮತ್ತೆ ಸಿಗ್ತಾನೆ ಅಂತ ಹೇಳಿ ಹೋದ. ಅಂದಿನಿಂದ ಈಕೆ ಕಾಯ್ತಿದ್ದಾಳೆ. ಗೆಳತಿ ಇಷ್ಟು ದುಃಖದಲ್ಲಿರೋವಾಗ ನಾನು ಮದುವೆಯಾಗಲ್ಲ ಅಂತ ಹಟ ಹಿಡಿದವಳು ಗಂಧರ್ವರ ರಾಜಕುಮಾರಿ ಕಾದಂಬರಿ. ಆಕೆಗೂ ಚಂದ್ರಾಪೀಡನಿಗೂ ನೋಟ ಕೂಡ್ತದೆ. ಅಷ್ಟರಲ್ಲಿ ಅಪ್ಪನಿಂದ ಕರೆ ಬಂತು, ಇವನು ಊರಿಗೆ ವಾಪಸ್. ಪತ್ರಲೇಖೆ ಅನ್ನೋ ಸಖಿ ಆಮೇಲೆ ಬಂದು, ಕಾದಂಬರಿ ನಿನ್ನ ಬಗ್ಗೆ ಹೀಗೆ ಹೇಳಿದಳು ಅಂತ ಅವಳ ಮಾತನ್ನ ಒಪ್ಪಿಸ್ತಾ ಇರ್ತಾಳೆ...

ಹುಡುಗಿ: ಹೂಂ, ಆಮೇಲೆ?

ದೊಡ್ಡಮ್ಮ: ಆಮೇಲೆ ಇಲ್ಲ. ಅಲ್ಲಿಗೆ ಬಾಣ ತೀರಿಕೊಂಡ. ನಾಯಕಿಯ ಮಾತು ಅರ್ಧಕ್ಕೇ ನಿಂತಿತು.

ಹುಡುಗಿ: ಅಯ್ಯೋ! ನಾವು ಎರಡು ವರ್ಷ ಕಾಯೋದಕ್ಕೇ ಒದ್ದಾಡ್ತೀವಿ.

ದೊಡ್ಡಮ್ಮ: ಆಗಿನವರೂ ಒದ್ದಾಡಿದ್ದಾರೆ, ಅದಕ್ಕೆ ಸಾಕ್ಷಿ ಇದೆ. ಬಾಣನ ಮಗ ಭೂಷಣಭಟ್ಟ ಉಳಿದ ಭಾಗ ಬರೆದ. ಶುರುವಿನಲ್ಲೇ ಕಾರಣ ಹೇಳ್ತಾನೆ: ಅಪ್ಪ ಹೋದಮೇಲೆ ಕಥೆ ನಿಂತುಹೋಯ್ತು, ಅದು ಮುಗಿಯಲಿಲ್ಲ ಅಂತ ಸಜ್ಜನರು ನೊಂದುಕೊಂಡರು, ಅದಕ್ಕೆ ಕೈ ಹಾಕಿದೆ, ಕವಿ ಅನ್ನಿಸಿಕೊಳ್ಳೋ ಜಂಬದಿಂದಲ್ಲ. ಉತ್ತರಭಾಗ ಹುಟ್ಟಿದ್ದೇ ಓದುಗರ ಸಂಕಟದಿಂದ. ನಾನು ಅದನ್ನ ಋಣ ಅಂತೀನಿ. ಕಥೆ ಶುರು ಮಾಡಿದವನು ಕೇಳಿದವರ ಹತ್ತಿರ ಸಾಲ ಮಾಡಿದ ಹಾಗೆ. ಅಪ್ಪನ ಸಾಲ ಮಗ ತೀರಿಸಿದ.

ಹುಡುಗಿ: ಡ್ರ್ಯಾಗನ್ ಕಥೆಯಲ್ಲೂ ಇಂಥದ್ದು ಆಗಿದೆ ದೊಡ್ಡಮ್ಮ. ಆನ್ ಮ್ಯಾಕಫ್ರಿ ಅಂತ ಒಬ್ಬರು, ಪರ್ನ್ ಅನ್ನೋ ಲೋಕದ ಡ್ರ್ಯಾಗನ್ ಸವಾರರ ಕಥೆಗಳನ್ನ 1967ರಿಂದ ಬರೀತಾ ಬಂದವರು. ಅದರ ಮೊದಲ ಕಥೆಗೆ 1968ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಕಥೆಗೆ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರೇ. ಅವರ ಡ್ರ್ಯಾಗನ್‌ಗಳು ಕೂಡೋವಾಗ ಸವಾರರ ಮನಸ್ಸೂ ಕೂಡ್ತದೆ. ಇವತ್ತು ನಾವು ಓದೋ ಇಂಥ ಕಥೆಗಳಿಗೆಲ್ಲ ಅವರೇ ಹಿರಿಯಜ್ಜಿ. ವಯಸ್ಸಾದ ಮೇಲೆ 2003ರಿಂದ ಮಗ ಟಾಡ್ ಜೊತೆಗೆ ಬರೆದರು. 2011ರಲ್ಲಿ ಅವರು ತೀರಿಕೊಂಡರು, ತಾಯಿ ಮಗ ಸೇರಿ ಬರೆದ ‘ಸ್ಕೈ ಡ್ರ್ಯಾಗನ್ಸ್’ 2012ರಲ್ಲಿ ಹೊರಬಂತು. ಆಮೇಲೆ ಮಗಳೂ ಒಂದು ಬರೆದಳು.

ದೊಡ್ಡಮ್ಮ: ನೋಡು, ಹದಿಮೂರು ಶತಮಾನ ಕಳೆದರೂ ಮನೆತನದ ಕೆಲಸ ಹಾಗೇ ಇದೆ.

ಹುಡುಗಿ: ಆದರೆ ಓದುಗರು ಒಪ್ಪಬೇಕಲ್ಲ? ತಾಯಿ ಬರೆದ ಹಾಗೆ ಮಗನದಿಲ್ಲ ಅಂತ ಬಹಳ ಜನ ಗೊಣಗಿದರು. ಭೂಷಣನದು ಹೇಗಿದೆ?

ದೊಡ್ಡಮ್ಮ: ಅಪ್ಪ ಒಂದು ಸರೋವರ ಕಂಡರೆ ಅದರ ಒಂದೊಂದು ಅಲೆಗೂ ಒಂದೊಂದು ಉಪಮೆ ಕೊಟ್ಟು, ಓದೋವರಿಗೆ ಊಟದ ಹೊತ್ತು ಮರೆಸ್ತಾನೆ. ಮಗನಿಗೆ ಅಷ್ಟು ಪುರುಸೊತ್ತಿಲ್ಲ. ಕಥೆ ದಡ ಮುಟ್ಟಿಸಬೇಕು ಅನ್ನೋ ಅವಸರ. ನಮ್ಮ ಬಳ್ಳಾರಿ ಜೀನ್ಸ್ ನೋಡು, ಎರಡು ತುಂಡು ಕೂಡೋ ಕಡೆ ಕಿತ್ತಳೆ ದಾರದ ಹೊಲಿಗೆ ಎದ್ದು ಕಾಣ್ತದಲ್ಲ, ಹಾಗೆ ಕಾಣ್ತದೆ. ಆದರೆ ಬಟ್ಟೆ ಹರಿಯೋದೂ ಅಲ್ಲಲ್ಲ. ಆಮೇಲೆ ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ಒಂದನೇ ನಾಗವರ್ಮ ಅಪ್ಪನದು, ಮಗನದು ಎರಡನ್ನೂ ತಗೊಂಡು ‘ಕರ್ಣಾಟಕ ಕಾದಂಬರಿ’ ಅಂತ ಚಂಪೂಕಾವ್ಯ ಮಾಡಿದ. ಸಂಸ್ಕೃತದಲ್ಲಿ ಎರಡು ಕೈಯದಾಗಿದ್ದದ್ದು ಕನ್ನಡಕ್ಕೆ ಒಂದೇ ಕೈಯಿಂದ ಬಂತು. ಅಪ್ಪನ ಉದ್ದುದ್ದ ವರ್ಣನೆಯನ್ನ ಇವನು ಎಷ್ಟೋ ಕಡೆ ಮೊಟಕು ಮಾಡಿದ್ದಾನೆ.

ಹುಡುಗಿ: ಕೊನೆಗೆ ಬಂದಾಗ ಅವಸರ ಮಾಡೋದೇ ದೊಡ್ಡ ರೋಗ. ‘ಗೇಮ್ ಆಫ್ ಥ್ರೋನ್ಸ್’ ಟಿ.ವಿ.ಯಲ್ಲಿ 2011ರಿಂದ 2019ರವರೆಗೆ ಬಂತು. ಜಾರ್ಜ್ ಆರ್.ಆರ್. ಮಾರ್ಟಿನ್ ಪುಸ್ತಕ ಮುಗಿಸಿರಲಿಲ್ಲ, ಧಾರಾವಾಹಿಯವರು ಪುಸ್ತಕವನ್ನ ದಾಟಿ ಹೋಗಿ ತಾವೇ ಮುಗಿಸಿದರು. ಏಳು ಸೀಸನ್ ನಿಧಾನಕ್ಕೆ ಕಟ್ಟಿದ್ದನ್ನ ಕೊನೇದರ ಆರು ಎಪಿಸೋಡಿನಲ್ಲಿ ಸುಟ್ಟುಹಾಕಿದರು ಅಂತ ನನಗೆ ಇವತ್ತಿಗೂ ಸಿಟ್ಟು. ಮಾರ್ಟಿನ್ ಅವರ ಐದನೇ ಪುಸ್ತಕ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ ಬಂದದ್ದು 2011ಕ್ಕೆ. ಆರನೆಯದಕ್ಕೆ ಜನ ಇನ್ನೂ ಕಾಯ್ತಿದ್ದಾರೆ.

ದೊಡ್ಡಮ್ಮ: ಅವಸರ ಒಂದೇ ತಪ್ಪಾಗಿದ್ದರೆ ಭೂಷಣನೂ ಸೋಲಬೇಕಿತ್ತು. ಅವನು ಯಾಕೆ ಸೋಲಲಿಲ್ಲ ಅಂತ ಕೇಳು. ಉತ್ತರಭಾಗದಲ್ಲಿ ಏನಾಗ್ತದೆ ಗೊತ್ತಾ? ಚಂದ್ರಾಪೀಡನ ಗೆಳೆಯ, ಮಂತ್ರಿಯ ಮಗ, ಅವನ ಹೆಸರೂ ವೈಶಂಪಾಯನ. ಅವನು ಆ ಸರೋವರದ ದಂಡೆಗೆ ಬಂದವನೇ ಮಂಕು ಹಿಡಿದವನಂತೆ ಅಲ್ಲೇ ಉಳೀತಾನೆ, ಮಹಾಶ್ವೇತೆಗೆ ಪ್ರೀತಿ ಹೇಳ್ತಾನೆ. ಅವಳು ಸಿಟ್ಟಿನಲ್ಲಿ ಗಿಳಿಯಾಗು ಅಂತ ಶಪಿಸ್ತಾಳೆ. ಅವನು ಸತ್ತ ಸುದ್ದಿ ಕೇಳಿ ಚಂದ್ರಾಪೀಡನ ಎದೆ ಒಡೀತದೆ. ಪತ್ರಲೇಖೆ ಇಂದ್ರಾಯುಧವನ್ನ ಎಳೆದುಕೊಂಡು ಸರೋವರಕ್ಕೆ ಹಾರ್ತಾಳೆ. ನೀರಿನಿಂದ ಕುದುರೆ ಮೇಲೆ ಬರೋದಿಲ್ಲ. ಒಬ್ಬ ಮುನಿಕುಮಾರ ಎದ್ದು ಬರ್ತಾನೆ. ಪುಂಡರೀಕನ ಗೆಳೆಯ ಕಪಿಂಜಲ. ಗೆಳೆಯನ ಹೆಣದ ಬೆನ್ನು ಹತ್ತಿ ಆಕಾಶಕ್ಕೆ ಹೋದವನು ದಾರಿಯಲ್ಲಿ ಯಾರದೋ ಶಾಪಕ್ಕೆ ಸಿಕ್ಕಿ ಕುದುರೆಯಾಗಿದ್ದ.

ಹುಡುಗಿ: ಅಂದರೆ ಗಿಳಿಯಾದವನು...

ದೊಡ್ಡಮ್ಮ: ಪುಂಡರೀಕನೇ ಮಂತ್ರಿಯ ಮಗನಾಗಿ ಹುಟ್ಟಿದ್ದ. ಮಹಾಶ್ವೇತೆ ಯಾರಿಗಾಗಿ ಕಾಯ್ತಿದ್ದಳೋ ಅವನನ್ನೇ ಶಪಿಸಿದಳು. ಅವನೇ ಗಿಳಿ. ಚಂದ್ರಾಪೀಡ ಸಾಕ್ಷಾತ್ ಚಂದ್ರ. ಅವನು ಮತ್ತೆ ಹುಟ್ಟಿದ್ದು ಯಾರಾಗಿ?

ಹುಡುಗಿ: ...ಶೂದ್ರಕ! ಗಿಳಿಯ ಕಥೆ ಕೇಳ್ತಾ ಕೂತಿದ್ದ ರಾಜ!

ದೊಡ್ಡಮ್ಮ: ಗಿಳಿ ತಂದ ಆ ಹೆಣ್ಣು ಪುಂಡರೀಕನ ತಾಯಿ ಲಕ್ಷ್ಮಿ. ಹೇಳಿದವನೂ ಕಥೆಯೊಳಗಿನವನೇ, ಕೇಳಿದವನೂ ಕಥೆಯೊಳಗಿನವನೇ. ಇಬ್ಬರಿಗೂ ಅದು ಗೊತ್ತಾಗಿದ್ದು ಕಥೆ ಮುಗಿಯೋವಾಗ. ಅಷ್ಟು ಗೊತ್ತಾದ ಕೂಡಲೇ ಗಿಳಿಯ ದೇಹ, ರಾಜನ ದೇಹ ಎರಡೂ ಬಿದ್ದುಹೋದವು. ಅಲ್ಲಿ ಕಾದಂಬರಿ ತಬ್ಬಿಕೊಂಡಿದ್ದ ಚಂದ್ರಾಪೀಡನ ಮೈಗೆ ಜೀವ ಬಂತು, ಪುಂಡರೀಕನೂ ಇಳಿದು ಬಂದ. ಈಗ ಹೇಳು, ಭೂಷಣ ಹೊಸದಾಗಿ ಏನು ತಂದ?

ಹುಡುಗಿ: ಏನೂ ಇಲ್ಲ. ಕುದುರೆ ಮೊದಲೇ ಇತ್ತು, ಗಿಳಿ ಮೊದಲೇ ಇತ್ತು, ರಾಜ ಮೊದಲ ಪುಟದಲ್ಲೇ ಇದ್ದ.

ದೊಡ್ಡಮ್ಮ: ಅದೇ ನಾನು ಹೇಳೋದು. ಕೊನೆಯ ಪುಸ್ತಕಕ್ಕೆ ಹೊಸ ಬಂಡವಾಳ ತರೋ ಹಕ್ಕಿಲ್ಲ. ಮೊದಲನೆಯದರಲ್ಲಿ ಅಲಂಕಾರ ಅಂತ ನೀನು ದಾಟಿ ಹೋದದ್ದೇ ಆಧಾರವಾಗಿತ್ತು ಅಂತ ತೋರಿಸಬೇಕು. ಕುರುಗೋಡು, ಸಿರುಗುಪ್ಪ ಕಡೆ ಬಯಲಾಟ ನೋಡಿದ್ದೀಯಲ್ಲ, ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳ್ತಾನೆ, ತಾವು ಯಾರು, ಯಾವ ಊರಿಗೆ ದೊರೆ ಅಂತ. ಪಾತ್ರ ಎದೆ ತಟ್ಟಿಕೊಂಡು ಬಿರುದು ಹೇಳ್ಕೊಳ್ತದೆ. ಬೆಳಗಿನ ಜಾವದ ಹೊತ್ತಿಗೆ ಅದೇ ಪಾತ್ರವನ್ನ ಅದೇ ಪ್ರಶ್ನೆ ಕೇಳಿದರೆ ಆ ಬಿರುದು ಹೇಳೋಕೆ ಬಾಯಿ ಬರಬಾರದು, ಬೇರೇನೋ ಹೇಳಬೇಕು. ಆ ಬೇರೆ ಉತ್ತರವೇ ಕೊನೆಯ ಸಂಪುಟ.

ಹುಡುಗಿ: ಹಾಗಾದರೆ ನನ್ನ ಹುಡುಕಾಟ ಸರಿ ಇದೆ. ಇಲ್ಲಿ ನೋಡಿ, ‘ಫೋರ್ತ್ ವಿಂಗ್’ ಶುರುವಾಗೋ ಮೊದಲು ಒಂದು ಪುಟ ಇದೆ. ಇದು ನವಾರಿನ ಭಾಷೆಯಿಂದ ಅನುವಾದ ಮಾಡಿದ್ದು, ಮಾಡಿದವಳು ಜೆಸಿನಿಯಾ, ಲಿಪಿಕಾರರ ವಿಭಾಗದವಳು, ಮಡಿದವರ ಗೌರವಕ್ಕೆ ಹೆಸರುಗಳನ್ನ ಹಾಗೇ ಇಟ್ಟಿದ್ದೀವಿ ಅನ್ನೋ ಅರ್ಥದ ಟಿಪ್ಪಣಿ. ಜೆಸಿನಿಯಾ ಯಾರು ಗೊತ್ತಾ? ವಯಲೆಟ್‌ಳ ಗೆಳತಿ, ಕಥೆಯೊಳಗೇ ಬರ್ತಾಳೆ. ಕಿವಿ ಕೇಳಿಸದವಳು, ಕೈಸನ್ನೆಯಲ್ಲಿ ಮಾತಾಡೋವಳು. ಮೊದಲ ಸಲ ಓದಿದಾಗ ಆ ಪುಟ ಹಾರಿಸಿಬಿಟ್ಟಿದ್ದೆ.

ದೊಡ್ಡಮ್ಮ: ನಿನ್ನ ಗಿಳಿ ಸಿಕ್ಕಿತು.

ಹುಡುಗಿ: ಕಥೆ ಮುಗಿದಮೇಲೆ ಅವಳು ಬದುಕಿರ್ತಾಳೆ, ಬರೆಯೋ ಸ್ಥಾನದಲ್ಲಿ ಇರ್ತಾಳೆ ಅಂತಾಯ್ತು. ಆ ರಾಜ್ಯ ತನ್ನ ಇತಿಹಾಸವನ್ನೇ ತಿದ್ದಿ ಮುಚ್ಚಿಟ್ಟಿದೆ ಅನ್ನೋದು ಕಥೆಯ ದೊಡ್ಡ ಗುಟ್ಟು. ಹಾಗಿದ್ದಮೇಲೆ ನಿಜ ಬರೆದಿಡೋದೇ ಕೊನೆಯ ಯುದ್ಧ ಇರಬಹುದು. ವಯಲೆಟ್ ಆಗಬೇಕು ಅಂದುಕೊಂಡಿದ್ದೂ ಲಿಪಿಕಾರಳೇ ಅಲ್ವಾ? ಇದು ನನ್ನ ಊಹೆ. ಲೇಖಕಿ ಬೇರೇನೋ ಮಾಡಬಹುದು.

ದೊಡ್ಡಮ್ಮ: ಮಾಡಲಿ. ಆದರೆ ಆ ಪುಟವನ್ನ ಮರೆತರೆ ಸಾಲ ಉಳೀತದೆ.

ಹುಡುಗಿ: ನಿಮ್ಮ ಈ ಸಾಲದ ಮಾತು ಒಂದು ಕಡೆ ನನಗೆ ಒಪ್ಪಿಗೆಯಿಲ್ಲ. ಓದುಗರಿಗೆ ಲೇಖಕರು ಸಾಲಗಾರರು ಅಂದರೆ, ಬೇಗ ಕೊಡಿ, ನಾವು ಹೇಳಿದ ಹಾಗೆ ಕೊಡಿ ಅಂತ ಪೀಡಿಸೋದಕ್ಕೆ ಲೈಸೆನ್ಸ್ ಕೊಟ್ಟ ಹಾಗೆ. ಮಾರ್ಟಿನ್‌ಗೆ ಜನ ಏನೇನು ಅಂದಿದ್ದಾರೆ ಗೊತ್ತಾ? ನೀವು ಸತ್ತರೆ ಪುಸ್ತಕದ ಗತಿಯೇನು ಅಂತ ಮುಖಕ್ಕೇ ಕೇಳಿದವರಿದ್ದಾರೆ. ಬರೆಯೋವರೂ ಮನುಷ್ಯರಲ್ವಾ?

ದೊಡ್ಡಮ್ಮ: ಹಾಗೆ ಕೇಳೋದು ತಪ್ಪು. ಸಾಲ ಇದ್ದರೂ ಮನೆ ಮುಂದೆ ನಿಂತು ಬೈಯೋದು ಮರ್ಯಾದೆ ಅಲ್ಲ. ನಾನು ಹೇಳೋದು ಮುಗಿಸೋವನ ಒಳಗಿನ ಭಾವನೆ. ಕುಮಾರವ್ಯಾಸನ್ನ ತಗೋ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ, ಹತ್ತು ಪರ್ವಕ್ಕೆ ನಿಲ್ಲಿಸಿದ. ಗದಾಪರ್ವ ಆಯ್ತು, ದುರ್ಯೋಧನ ಬಿದ್ದ, ಧರ್ಮರಾಯನ ಪಟ್ಟಾಭಿಷೇಕ ಆಯ್ತು, ಮುಗೀತು. ಮಿಕ್ಕ ಎಂಟು ಪರ್ವ ಇಲ್ಲವೇ ಇಲ್ಲ. ಅದನ್ನ ಬರೆದದ್ದು ಎಲ್ಲಿ? ಇಲ್ಲೇ ಪಕ್ಕದಲ್ಲಿ, ಹಂಪಿಯಲ್ಲಿ. ಕೃಷ್ಣದೇವರಾಯನ ಆಸ್ಥಾನದಲ್ಲಿ ತಿಮ್ಮಣ್ಣ ಕವಿ ಶಾಂತಿಪರ್ವದಿಂದ ಮುಂದಕ್ಕೆ ಬರೆದು ಮುಗಿಸಿದ. ರಾಯ ಆಳಿದ್ದು 1509ರಿಂದ 1529. ತನ್ನ ಕೃತಿಗೆ ತಿಮ್ಮಣ್ಣ ಇಟ್ಟ ಹೆಸರು ‘ಕೃಷ್ಣರಾಯ ಭಾರತ’, ದೊರೆಯ ಹೆಸರು.

ಹುಡುಗಿ: ಅದನ್ನ ಈಗ ಯಾರು ಓದ್ತಾರೆ?

ದೊಡ್ಡಮ್ಮ: ವಿದ್ವಾಂಸರು ಓದ್ತಾರೆ.

ಹುಡುಗಿ: ನೋಡಿದ್ರಾ! ಜನರ ಬಾಯಲ್ಲಿ ಇರೋದು ಕುಮಾರವ್ಯಾಸನ ಹತ್ತು ಪರ್ವವೇ. ನೀವೇ ಹೇಳ್ತಿರ್ತೀರಿ, ಜೋಳದರಾಶಿ ದೊಡ್ಡನಗೌಡರು ಗಮಕಕ್ಕೆ ಕೂತರೆ ಜನ ಎದ್ದು ಹೋಗ್ತಿರಲಿಲ್ಲ ಅಂತ. ಅವರು ಹಾಡ್ತಿದ್ದ ಭಾರತ ಯಾವುದು?

ದೊಡ್ಡಮ್ಮ: ಕುಮಾರವ್ಯಾಸನದೇ. ಒಪ್ತೀನಿ ಮಗಳೆ. ಗೌಡರು ನಟರೂ ಹೌದು, ಬಳ್ಳಾರಿ ರಾಘವರ ಜೊತೆ ರಂಗಕ್ಕೆ ಇಳಿದವರು. ಪದ್ಯ ಓದಿದರೆ ಭೀಮ, ದ್ರೌಪದಿ ಇಬ್ಬರ ದನಿಯೂ ಬೇರೆ ಬೇರೆ ಕೇಳಿಸೋದು. ಇವತ್ತು ಊರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಆದರೆ ಅಲ್ಲಿ ಇನ್ನೊಂದು ವಿಷಯ ಇದೆ. ಭಾರತ ಪಟ್ಟಾಭಿಷೇಕಕ್ಕೆ ನಿಂತರೆ ಕೇಳೋವರಿಗೆ ಏನೂ ಕೊರತೆ ಅನ್ನಿಸಲಿಲ್ಲ. ರಾಮಾಯಣದ ಪಾರಾಯಣವನ್ನೂ ಪಟ್ಟಾಭಿಷೇಕಕ್ಕೆ ನಿಲ್ಲಿಸಿ ಪಾನಕ ಕೋಸಂಬರಿ ಹಂಚ್ತಾರೆ. ಸೀತೆ ಕಾಡಿಗೆ ಹೋಗೋ ಉತ್ತರಕಾಂಡ ಗೊತ್ತಿಲ್ಲದವರು ಯಾರೂ ಇಲ್ಲ. ಗೊತ್ತಿದ್ದೂ ಪುಸ್ತಕ ಮುಚ್ತಾರೆ. ಕಥೆ ಎಲ್ಲಿ ಮುಗೀಬೇಕು ಅನ್ನೋದನ್ನ ಇಲ್ಲಿ ಕೇಳೋವರೇ ತೀರ್ಮಾನ ಮಾಡಿದ್ದಾರೆ.

ಹುಡುಗಿ: ಅದು ನಿಮಗೆ ಸರಿ ಅನ್ನಿಸ್ತದಾ? ಸೀತೆಗೆ ಅನ್ಯಾಯವಾದ ಪುಟವನ್ನ ಮುಚ್ಚಿಟ್ಟು ಪಾನಕ ಕುಡಿಯೋದು?

ದೊಡ್ಡಮ್ಮ: ...ಇಲ್ಲ. ಚಿಕ್ಕವಳಿದ್ದಾಗ ಸರಿ ಅನ್ನಿಸ್ತಿತ್ತು, ಈಗ ಇಲ್ಲ.

ಹುಡುಗಿ: ಅದಕ್ಕೇ ನಾನು ಹೇಳೋದು, ಓದುಗರಿಗೆ ಬೇಕಾದ ಹಾಗೆ ಮುಗಿಸೋದು ಬೇರೆ, ಕಥೆಗೆ ಬೇಕಾದ ಹಾಗೆ ಮುಗಿಸೋದು ಬೇರೆ. ಋಣ ಇರೋದಾದರೆ ಅದು ಕಥೆಗೆ.

ದೊಡ್ಡಮ್ಮ: ಅಷ್ಟು ತಿದ್ದುಪಡಿ ತಗೋತೀನಿ. ಭೂಷಣ ಕೂಡ ಓದುಗರ ನೋವಿಗೆ ಬರೆದ, ಆದರೆ ಅವರನ್ನ ಸಮಾಧಾನ ಮಾಡೋಕೆ ಚಂದ್ರಾಪೀಡನನ್ನ ಸಲೀಸಾಗಿ ಉಳಿಸಲಿಲ್ಲ. ಸಾಯಿಸಿದ. ಕಾದಂಬರಿ ಹೆಣ ಕಾಯ್ಕೊಂಡು ಕೂತಳು. ಆಮೇಲೇ ಕೊಟ್ಟ.

ಹುಡುಗಿ: ಆದರೂ ಕೊಟ್ಟನಲ್ಲ. ನಾವು ಓದೋ ಈ ಪ್ರೇಮದ ಫ್ಯಾಂಟಸಿಗೂ ಅದೇ ಮಾತಿದೆ, ಎಷ್ಟೇ ರಕ್ತ ಹರಿದರೂ ಕೊನೆಗೆ ಜೋಡಿ ಕೂಡಬೇಕು. ಕೂಡದಿದ್ದರೆ ಓದುಗರು ಅದನ್ನ ಆ ಜಾತಿಗೆ ಸೇರಿಸೋದೇ ಇಲ್ಲ. ಈಗ ಝೇಡನ್‌ನ ಸ್ಥಿತಿ ಕೆಟ್ಟಿದೆ. ಭೂಮಿಯ ಶಕ್ತಿಯನ್ನೇ ಹೀರಿ ತನ್ನನ್ನ ತಾನು ಕಳ್ಕೊಳ್ಳೋ ‘ವೆನಿನ್’ ಅನ್ನೋರು ಈ ಕಥೆಯ ರಾಕ್ಷಸರು. ವಯಲೆಟ್‌ಳನ್ನ ಉಳಿಸೋಕೆ ಹೋಗಿ ಅವನೇ ಅದಾಗ್ತಿದ್ದಾನೆ. ಅದಕ್ಕೆ ಮದ್ದೇ ಇಲ್ಲ ಅಂತ ಕಥೆಯಲ್ಲಿ ಎಲ್ಲರೂ ಹೇಳ್ತಾರೆ. ನನ್ನ ಗೆಳತಿಯರು ಇದನ್ನ ಓದಿ ಅತ್ತಿದ್ದಾರೆ. ಆದರೆ ಕೂಡ್ತಾರೆ ಅಂತ ನಮಗೆಲ್ಲ ಒಳಗೊಳಗೇ ಗೊತ್ತು. ಗೊತ್ತಿದ್ದೂ ಯಾಕೆ ಒದ್ದಾಡ್ತೀವಿ?

ದೊಡ್ಡಮ್ಮ: ಮಹಾಶ್ವೇತೆಗೂ ಗೊತ್ತಿತ್ತು. ಮತ್ತೆ ಸಿಗ್ತಾನೆ ಅಂತ ಆಕಾಶದಿಂದಲೇ ಮಾತು ಬಂದಿತ್ತು. ಅವಳ ಕಷ್ಟ ಅನುಮಾನದ್ದಲ್ಲ, ಕಾಯೋದರದ್ದು. ಅದಕ್ಕಿಂತ ದೊಡ್ಡದು, ಎದುರಿಗೆ ಬಂದು ನಿಂತಾಗ ಗುರುತು ಹಿಡಿಯೋದರದ್ದು. ಅವನೇ ಬಂದ, ಬೇರೆ ಮೈಯಲ್ಲಿ ಬಂದ, ಅವಳು ಗುರುತು ಹಿಡೀಲಿಲ್ಲ, ಶಪಿಸಿದಳು. ಸಿಗ್ತಾನಾ ಇಲ್ಲವಾ ಅನ್ನೋದು ಸಣ್ಣ ಪ್ರಶ್ನೆ. ಸಿಕ್ಕಾಗ ಅವನು ಅವನಾಗಿರ್ತಾನಾ, ನೀನು ಗುರುತು ಹಿಡೀತೀಯಾ ಅನ್ನೋದು ದೊಡ್ಡ ಪ್ರಶ್ನೆ. ನಿನ್ನ ಝೇಡನ್‌ಗೆ ಆಗಿರೋದೂ ಅದೇ ಅಲ್ವಾ?

ಹುಡುಗಿ: ಅಬ್ಬಾ. ಅದೇ. ಮೈ ಅವನದೇ, ಒಳಗಿರೋದು ಅವನೇನಾ ಅಂತ ಅವಳಿಗೆ ಅನುಮಾನ. ಇಲ್ಲಿ ಬೇರೆ ಮೈಯಲ್ಲಿ ಅವನೇ, ಅಲ್ಲಿ ಅವನ ಮೈಯಲ್ಲಿ ಬೇರೆಯವನು.

ದೊಡ್ಡಮ್ಮ: ಮದ್ದು ಸಿಕ್ಕರೆ ಅದು ಹೊಸ ಬೇರು, ಹೊಸ ಮಂತ್ರ ಆಗಿರಬಾರದು. ಮೊದಲ ಮೂರು ಪುಸ್ತಕದಲ್ಲಿ ಇದ್ದದ್ದೇ ಆಗಿರಬೇಕು. ಐದನೆಯದರ ಮಧ್ಯದಲ್ಲಿ ಯಾವುದೋ ಮುದುಕ ಗುಹೆಯಿಂದ ಬಂದು ಮದ್ದು ಕೊಟ್ಟನೋ, ಪುಸ್ತಕ ಮುಚ್ಚಿಬಿಡು.

ಹುಡುಗಿ: ಸದ್ಯ ಇನ್ನೆರಡು ಪುಸ್ತಕದಲ್ಲಿ ಮುಗಿಸ್ತೀನಿ ಅಂದಿದ್ದಾರಲ್ಲ, ಅದೇ ಪುಣ್ಯ. ಮಾರಾಟ ಚೆನ್ನಾಗಿದೆ ಅಂತ ಹತ್ತಕ್ಕೆ ಎಳೆಯಬಹುದಿತ್ತು.

ದೊಡ್ಡಮ್ಮ: ಎಳೆಯೋದು ಅಂದರೆ ನಮ್ಮ ಚಂದಮಾಮ ಪತ್ರಿಕೆಯ ಬೇತಾಳ. ಮದರಾಸಿನ ವಡಪಳನಿಯಲ್ಲಿ ಅಚ್ಚಾಗ್ತಿತ್ತು. ನಾಗಿರೆಡ್ಡಿ, ಚಕ್ರಪಾಣಿ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದರು, 1949ಕ್ಕೆ ಕನ್ನಡ ಬಂತು. ಬಳ್ಳಾರಿ 1953ರವರೆಗೆ ಮದರಾಸು ಪ್ರಾಂತ್ಯದಲ್ಲೇ ಇತ್ತಲ್ಲ, ಆಮೇಲೂ ನಮ್ಮಂಥ ಮನೆಗೆ ಎರಡು ಭಾಷೆಯದೂ ಬರೋದು. ಅಣ್ಣ ತೆಲುಗಿನದು ಮೊದಲು ಓದಿ ಮುಂದೇನಾಯ್ತು ಅಂತ ಹೇಳಿ ನನ್ನ ಹೊಟ್ಟೆ ಉರಿಸ್ತಿದ್ದ. ಮಾಂತ್ರಿಕರು, ವಿಚಿತ್ರ ಪ್ರಾಣಿಗಳು, ರಾಜಕುಮಾರರು ಇರೋ ಆ ಧಾರಾವಾಹಿಗಳನ್ನ ಬರೀತಿದ್ದದ್ದು ತೆಲುಗಿನ ದಾಸರಿ ಸುಬ್ರಹ್ಮಣ್ಯಂ. ಪತ್ರಿಕೆಯಲ್ಲಿ ಅವರ ಹೆಸರೇ ಹಾಕ್ತಿರಲಿಲ್ಲ. ಆದರೆ ಅವರ ಕಥೆ ಮುಗೀತಿತ್ತು, ಮುಗಿದು ಇನ್ನೊಂದು ಶುರುವಾಗೋದು. ಬೇತಾಳನದು ಮಾತ್ರ ಮುಗಿಯಲೇ ಇಲ್ಲ. ಶಂಕರ್ ಬರೆದ ಆ ಚಿತ್ರ, ರಾಜನ ಹೆಗಲ ಮೇಲೆ ಬೇತಾಳ ಹೊಕ್ಕ ಹೆಣ, ಕೈಯಲ್ಲಿ ಕತ್ತಿ, ತಿಂಗಳು ತಿಂಗಳೂ ಅದೇ.

ಹುಡುಗಿ: ಮೂಲದಲ್ಲಿ ಮುಗೀತದಾ?

ದೊಡ್ಡಮ್ಮ: ಮುಗೀತದೆ. ಇಪ್ಪತ್ತೈದು ಕಥೆ. ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯೋದಿಲ್ಲ, ಸುಮ್ಮನಾಗ್ತಾನೆ. ಮೌನ ಮುರಿಯದ ಕಾರಣ ಬೇತಾಳ ಮರಕ್ಕೆ ಹಾರೋದಿಲ್ಲ. ಮೆಚ್ಚಿ, ನಿನ್ನನ್ನ ಇಲ್ಲಿಗೆ ಕಳಿಸಿದ ಭಿಕ್ಷು ನಿನ್ನನ್ನೇ ಬಲಿ ಕೊಡೋಕೆ ಕಾದಿದ್ದಾನೆ ಅಂತ ಎಚ್ಚರಿಸ್ತದೆ. ಅಲ್ಲೂ ನೋಡು, ಕಳಿಸಿದ ಭಿಕ್ಷು ಮೊದಲ ಪುಟದವನೇ. ಪತ್ರಿಕೆಯವರಿಗೆ ರಾಜ ಸುಮ್ಮನಾದರೆ ಮುಂದಿನ ಸಂಚಿಕೆ ಇಲ್ಲ, ಹಾಗಾಗಿ ದಶಕಗಟ್ಟಲೆ ಅವನ ಬಾಯಿ ಬಿಡಿಸಿದರು. ಮಕ್ಕಳಿಗೆ ಖುಷಿ ಇತ್ತು, ನಾನು ಬೇಡ ಅನ್ನೋದಿಲ್ಲ. ಆದರೆ ಆ ರಾಜನಿಗೆ ಜಾಣ ಅನ್ನೋದೊಂದು ಬಿಟ್ಟು ಬೇರೆ ಗುಣ ಬೆಳೀಲೇ ಇಲ್ಲ. ಮುಗಿಯದ ಕಥೆಯಲ್ಲಿ ಯಾರೂ ಬೆಳೆಯೋದಿಲ್ಲ.

ಹುಡುಗಿ: ಬರೆದವರ ಹೆಸರಿಲ್ಲ ಅಂದ್ರಲ್ಲ, ಅದು ನನಗೆ ಕಾಡ್ತಿದೆ. ಮುಗಿಸಿದವರಿಗೂ ಹೆಸರು ಉಳಿಯೋದಿಲ್ಲ ನೋಡಿ. ತಿಮ್ಮಣ್ಣನ ಕೃತಿಗೆ ದೊರೆಯ ಹೆಸರು.

ದೊಡ್ಡಮ್ಮ: ಬಾಣನ ಮಗನ ಹೆಸರೇ ಗಟ್ಟಿಯಿಲ್ಲ. ಕೆಲವರು ಭೂಷಣ ಅಂತಾರೆ, ಕೆಲವರು ಪುಲಿಂದ ಅಂತಾರೆ.

ಹುಡುಗಿ: ರಾಬರ್ಟ್ ಜೋರ್ಡನ್ ‘ವೀಲ್ ಆಫ್ ಟೈಮ್’ 1990ರಿಂದ ಬರೀತಿದ್ದರು. 2007ರಲ್ಲಿ ತೀರಿಕೊಂಡರು. ಅವರ ಹೆಂಡತಿಯೇ ಸಂಪಾದಕಿ. ಬ್ರಾಂಡನ್ ಸ್ಯಾಂಡರ್ಸನ್ ಅನ್ನೋ ಹುಡುಗನನ್ನ ಆರಿಸಿ, ಗಂಡ ಬಿಟ್ಟುಹೋದ ಟಿಪ್ಪಣಿಗಳನ್ನ ಕೊಟ್ಟರು. ಒಂದು ಪುಸ್ತಕ ಅಂದುಕೊಂಡದ್ದು ಮೂರಾಯ್ತು. ಹದಿನಾಲ್ಕನೆಯದು, ಕೊನೆಯದು, 2013ರ ಜನವರಿಯಲ್ಲಿ ಬಂತು. ಕಟ್ಟಕಡೆಯ ದೃಶ್ಯವನ್ನ ಜೋರ್ಡನ್ ಸಾಯೋ ಮೊದಲೇ ಬರೆದಿಟ್ಟಿದ್ದರಂತೆ. ಮುಖಪುಟದಲ್ಲಿ ಜೋರ್ಡನ್ ಹೆಸರೇ ಮೊದಲು. ಇಷ್ಟೆಲ್ಲ ಕೇಳಿದಮೇಲೆ ನನಗನ್ನಿಸೋದು ಇದು. ಶುರು ಮಾಡೋಕೆ ಜಂಬ ಬೇಕು, ನನ್ನ ಹತ್ತಿರ ಒಂದು ಲೋಕ ಇದೆ, ಬನ್ನಿ ಅಂತ. ಮುಗಿಸೋಕೆ ಆ ಜಂಬ ಬಿಡಬೇಕು. ಬರೆದವರೇ ಬದುಕಿದ್ದು ಮುಗಿಸಿದರೂ ಕೊನೆಯ ಪುಸ್ತಕದಲ್ಲಿ ಅವರು ತಮ್ಮ ಮೊದಲ ಪುಸ್ತಕದ ಆಳಾಗಬೇಕು. ಮೂರು ವರ್ಷದ ಹಿಂದಿನ ತಮ್ಮ ಮಾತಿಗೆ ತಾವೇ ಮಗನ ಹಾಗೆ ನಡ್ಕೋಬೇಕು.

ದೊಡ್ಡಮ್ಮ: ಇದನ್ನ ನಾನು ಹೇಳಬೇಕಿತ್ತು, ನೀನು ಹೇಳಿದಿ. ಯಾರೋಸ್ ತನ್ನ ಮಗ ತಾನೇ ಆಗಬೇಕು!

ಹುಡುಗಿ: ಪಂದ್ಯ ಕಟ್ಟೋಣ. ಕೊನೆಯ ಪುಸ್ತಕದಲ್ಲಿ ಜೆಸಿನಿಯಾಳ ಆ ಪುಟಕ್ಕೆ ಉತ್ತರ ಬಂದರೆ ನೀವು ಉಗ್ಗಾಣಿ ಬಜ್ಜಿ ಮಾಡಬೇಕು. ಬರದಿದ್ದರೆ ನಾನು.

ದೊಡ್ಡಮ್ಮ: ಆಗಲಿ. ಅಕಸ್ಮಾತ್ ಆಕೆ ಮುಗಿಸದೇ ಹೋದರೆ?

ಹುಡುಗಿ: ಬಿಡ್ತು ಅನ್ನಿ!

ದೊಡ್ಡಮ್ಮ: ಆಯುಷ್ಯ ಗಟ್ಟಿ ಇರಲಿ ಆಕೆಗೆ. ಬೇಸರ ಬಂದು ಕೈ ಬಿಟ್ಟರೆ ಅಂತ ಕೇಳಿದೆ. ಆಗ ನೀನು ಬರೆ.

ಹುಡುಗಿ: ನಾನಾ? ಇದು ಬಾಣನ ಕಾಲ ಅಲ್ಲ ದೊಡ್ಡಮ್ಮ. ಹಕ್ಕುಸ್ವಾಮ್ಯ ಅಂತ ಒಂದಿದೆ. ಅಚ್ಚು ಹಾಕಿಸಿದರೆ ಕೇಸ್ ಹಾಕ್ತಾರೆ.

ದೊಡ್ಡಮ್ಮ: ಅಚ್ಚು ಹಾಕಿಸು ಅಂತ ಯಾರು ಹೇಳಿದರು? ನೋಟ್‌ಬುಕ್ಕಿನಲ್ಲಿ ಬರೆ, ಕನ್ನಡದಲ್ಲಿ ಬರೆ, ನನಗೊಬ್ಬಳಿಗೇ ಓದಿ ಹೇಳು. ಮೊದಲ ಪುಟದಲ್ಲಿ ಭೂಷಣ ಬರೆದ ಹಾಗೇ ಬರೆದುಕೊ, ಕಾಯ್ತಿದ್ದವರ ಸಲುವಾಗಿ ಬರೆದೆ, ಜಂಬಕ್ಕಲ್ಲ ಅಂತ. ಕುದುರೆಯನ್ನ ಮಾತ್ರ ಬರೀ ಕುದುರೆಯಾಗಿ ಬಿಡಬೇಡ.

ಹುಡುಗಿ: ಡ್ರ್ಯಾಗನ್ ದೊಡ್ಡಮ್ಮ, ಕುದುರೆ ಅಲ್ಲ.

ದೊಡ್ಡಮ್ಮ: ಅದನ್ನೂ ಬರೀ ಡ್ರ್ಯಾಗನ್ ಆಗಿ ಬಿಡಬೇಡ.